ಹ್ಯಾಶ್‌ಟ್ಯಾಗ್ ಯಾರ ಜೀವ ಉಳಿಸುತ್ತದೆ?

ಸುಡಾನ್ ರಾಜಧಾನಿ ಖಾರ್ಟೂಮ್‌ನ ನ್ಯಾಯಾಲಯವೊಂದು 2014ರ ಮೇ 15ರಂದು ತುಂಬು ಗರ್ಭಿಣಿ ಮರಿಯಮ್ ಇಬ್ರಾಹಿಂ ಅವರಿಗೆ ಗಲ್ಲು ಶಿಕ್ಷೆ ವಿಧಿಸಿತು. ಮುಸ್ಲಿಂ ತಂದೆಯ ಮಗಳಾಗಿ ಹುಟ್ಟಿದ್ದ ಅವರು, ತಮ್ಮನ್ನು ಸಾಕಿ ಬೆಳೆಸಿದ ತಾಯಿಯ ಕ್ರೈಸ್ತ ಧರ್ಮವೇ ತಮ್ಮದೆಂದು ಹೇಳಿದ್ದೇ ಅಪರಾಧವಾಗಿತ್ತು. ಎರಡು ವಾರಗಳೊಳಗೆ, ಕಾಲಿಗೆ ಸರಪಳಿ ಇರುವಾಗಲೇ, ಅವರು ಜೈಲಿನಲ್ಲಿ ಹೆಣ್ಣುಮಗುವಿಗೆ ಜನ್ಮ ನೀಡಿದರು.

ಸುದ್ದಿ ಟ್ವಿಟರ್ ಮತ್ತು ಫೇಸ್‌ಬುಕ್‌ನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಲಕ್ಷಾಂತರ ಮಂದಿ ಆನ್‌ಲೈನ್ ಮನವಿಗಳಿಗೆ ಸಹಿ ಹಾಕಿದರು. ಅಂದಿನ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ತೀರ್ಪನ್ನು ಬಹಿರಂಗವಾಗಿ ಖಂಡಿಸಿದರು. ಜೂನ್ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಜುಲೈ 24ರಂದು ಮರಿಯಮ್ ಕುಟುಂಬ ಸಮೇತ ರೋಮ್ ತಲುಪಿದರು.

ಅದೇ ಜುಲೈನಲ್ಲಿ ಇರಾಕಿನ ಮೊಸುಲ್ ನಗರವನ್ನು ವಶಪಡಿಸಿಕೊಂಡಿದ್ದ ಐಸಿಸ್ ಉಗ್ರರು ಕ್ರೈಸ್ತರ ಮನೆ ಗೋಡೆಗಳ ಮೇಲೆ ಅರಬ್ಬಿಯ 'ನೂನ್' ಅಕ್ಷರವನ್ನು ಬರೆದರು. ಕ್ರೈಸ್ತರನ್ನು ಸೂಚಿಸುವ 'ನಸ್ರಾನಿ' ಪದದ ಮೊದಲ ಅಕ್ಷರವದು. ಮತಾಂತರವಾಗಿ, ತೆರಿಗೆ ಕೊಡಿ, ಇಲ್ಲವೇ ಊರು ಬಿಡಿ. ಒಪ್ಪದಿದ್ದರೆ ಸಾವು ಎಂಬುದು ಅವರ ಆಜ್ಞೆ. ಜಗತ್ತಿನಾದ್ಯಂತ ಸಹಸ್ರಾರು ಜನ ಆ ಅಕ್ಷರವನ್ನೇ ತಮ್ಮ ಪ್ರೊಫೈಲ್ ಚಿತ್ರವಾಗಿಸಿ ಸಹಾನುಭೂತಿ ತೋರಿದರು. ಆದರೆ ಮೊಸುಲ್‌ಗೆ ಮರಳುವ ದಾರಿ ತೆರೆದದ್ದು ಮೂರು ವರ್ಷಗಳ ನಂತರ, 2017ರ ಜುಲೈನಲ್ಲಿ ಇರಾಕಿ ಸೇನೆ ನಗರವನ್ನು ಗೆದ್ದ ಮೇಲೆ. ಆಗಲೂ ಅನೇಕರು ಹಿಂದಿರುಗಲಿಲ್ಲ.

ಒಂದೇ ಬೇಸಿಗೆ, ಒಂದೇ ಮಾಧ್ಯಮ. ಫಲ ಮಾತ್ರ ಬೇರೆ. ಕಾರಣ ಹುಡುಕುವುದು ಕಷ್ಟವಲ್ಲ. 1997ರಿಂದ ಅಮೆರಿಕದ ಆರ್ಥಿಕ ನಿರ್ಬಂಧಕ್ಕೆ ಸಿಲುಕಿದ್ದ ಸುಡಾನ್ ಸರ್ಕಾರಕ್ಕೆ ಹೊರಜಗತ್ತಿನ ಅಭಿಪ್ರಾಯ ಬೇಕಿತ್ತು. ಮರಿಯಮ್ ಪತಿ ಅಮೆರಿಕದ ಪ್ರಜೆಯಾಗಿದ್ದರು. ಆಶ್ರಯ ನೀಡಲು ಖಾರ್ಟೂಮ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯಿತ್ತು. ಐಸಿಸ್‌ಗೆ ಕಳೆದುಕೊಳ್ಳುವ ಮಾನವೂ ಇರಲಿಲ್ಲ, ವ್ಯಾಪಾರವೂ ಇರಲಿಲ್ಲ.

ಪಾಕಿಸ್ತಾನದ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಧರ್ಮನಿಂದನೆಯ ಮೊಬೈಲ್ ಸಂದೇಶ ಕಳುಹಿಸಿದರೆಂಬ ಆರೋಪದಲ್ಲಿ ಗೋಜ್ರಾದ ಬಡ ಕ್ರೈಸ್ತ ದಂಪತಿಗೆ 2014ರಲ್ಲಿ ಮರಣದಂಡನೆಯಾಗಿತ್ತು. ತಮಗೆ ಓದು ಬರಹವೇ ಬಾರದೆಂಬ ಅವರ ವಾದವನ್ನು ಕೆಳ ನ್ಯಾಯಾಲಯ ಒಪ್ಪಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಐರೋಪ್ಯ ಸಂಸತ್ತು ಈ ಪ್ರಕರಣವನ್ನು ಹೆಸರಿಸಿ, ಪಾಕಿಸ್ತಾನಕ್ಕೆ ನೀಡಿರುವ ಸುಂಕ ರಿಯಾಯಿತಿಯ ಮರುಪರಿಶೀಲನೆಗೆ ಕರೆ ನೀಡಿತು. ಜೂನ್ 3ರಂದು ಲಾಹೋರ್ ಹೈಕೋರ್ಟ್ ದಂಪತಿಯನ್ನು ಖುಲಾಸೆಗೊಳಿಸಿತು. ತೀರ್ಪಿಗೆ ನಿರ್ಣಯವೇ ಕಾರಣವೆಂದು ಹೇಳಲಾಗದು. ಆದರೆ ಏಳು ವರ್ಷ ಕೊಳೆತ ಮೇಲ್ಮನವಿ ಐದು ವಾರಗಳಲ್ಲಿ ಇತ್ಯರ್ಥವಾದದ್ದನ್ನು ಕಡೆಗಣಿಸಲೂ ಆಗದು.

ಇದೇ ಮಾಧ್ಯಮದಿಂದ ಆಗಬಹುದಾದ ಹಾನಿಗೆ ಬೆಂಗಳೂರಿನ ನಂಟುಳ್ಳ ಪ್ರಕರಣವೇ ಸಾಕ್ಷಿ. ಸಲೇಸಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ, ಕೇರಳ ಮೂಲದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಯೆಮನ್‌ನ ಏಡನ್‌ನಲ್ಲಿ ಅಪಹರಿಸಲಾಯಿತು. ಮದರ್ ತೆರೇಸಾ ಸಂಸ್ಥೆಯ ವೃದ್ಧಾಶ್ರಮದ ಮೇಲೆ ನಡೆದ ಆ ದಾಳಿಯಲ್ಲಿ ನಾಲ್ವರು ಸನ್ಯಾಸಿನಿಯರೂ ಸೇರಿ 16 ಮಂದಿ ಹತರಾದರು. ಮೂರೇ ವಾರಗಳಲ್ಲಿ, ಗುಡ್ ಫ್ರೈಡೆಯಂದು ಅವರನ್ನು ಶಿಲುಬೆಗೇರಿಸಲಾಯಿತು ಎಂಬ ವದಂತಿ ಜಾಲತಾಣಗಳಲ್ಲಿ ಹರಿದಾಡಿತು. ಅದನ್ನು ಹಂಚಿಕೊಂಡವರಲ್ಲಿ ಬಹುತೇಕರು ಮರುಗಿದವರೇ. ಆದರೆ ಸುದ್ದಿ ಸುಳ್ಳಾಗಿತ್ತು. ಬಂಧುಗಳು ಬದುಕಿದ್ದವರ ಸಾವಿನ ಸುದ್ದಿ ಕೇಳಬೇಕಾಯಿತು.

ಮುಂದೆ ಅಪಹರಣಕಾರರೇ ಅಂತರ್ಜಾಲವನ್ನು ಅಸ್ತ್ರವಾಗಿಸಿಕೊಂಡರು. ಡಿಸೆಂಬರ್‌ನಲ್ಲಿ ಫಾದರ್ ಟಾಮ್ ನೆರವಿಗೆ ಅಂಗಲಾಚುವ ವಿಡಿಯೊ ಹೊರಬಿತ್ತು. ಅದು ಹಬ್ಬಿದಷ್ಟೂ ದೆಹಲಿಯ ಮೇಲೆ ಒತ್ತಡ ಹೆಚ್ಚಿತು. ಒತ್ತೆಯಾಳಿನ ಬೆಲೆಯೂ ಹೆಚ್ಚುವ ಅಪಾಯವಿತ್ತು. ಕಡೆಗೆ 2017ರ ಸೆಪ್ಟೆಂಬರ್ 12ರಂದು ಬಿಡುಗಡೆಯಾದದ್ದು ಒಮಾನ್‌ನ ಸದ್ದಿಲ್ಲದ ಮಧ್ಯಸ್ಥಿಕೆಯಿಂದ.

ಹಾಗೆಂದು ಮೌನವೇ ಲೇಸೆಂದು ತೀರ್ಮಾನಿಸುವುದು ತಪ್ಪಾದೀತು. ಸದ್ದಿಲ್ಲದಿದ್ದರೆ ಮರಿಯಮ್ ಗಲ್ಲಿಗೇರುವ ಸಾಧ್ಯತೆಯಿತ್ತು. ಲಕ್ಷಾಂತರ ಹಿಂಬಾಲಕರಿರುವವರು ಗುಂಡಿ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಸಂತ್ರಸ್ತರ ಕುಟುಂಬ ಮತ್ತು ವಕೀಲರು ಪ್ರಚಾರ ಬಯಸುತ್ತಾರೆಯೇ? ಸುದ್ದಿ ನಿಜವೇ? ಈ ಕೂಗಿಗೆ ಕಿವಿಗೊಡಲೇಬೇಕಾದ ಸರ್ಕಾರ, ಸಂಸತ್ತು ಅಥವಾ ನ್ಯಾಯಾಲಯ ಯಾವುದು?

ಮೂರಕ್ಕೂ ಉತ್ತರವಿದ್ದಲ್ಲಿ ಒಂದು ಸಾಲಿನ ಸಂದೇಶವೂ ಜೈಲಿನ ಬಾಗಿಲು ತಟ್ಟಬಲ್ಲದು. 2020ರ ಜುಲೈನಲ್ಲಿ ಸುಡಾನ್ ಧರ್ಮತ್ಯಾಗಕ್ಕೆ ಮರಣದಂಡನೆ ನೀಡುವ ಕಾನೂನನ್ನೇ ಕೈಬಿಟ್ಟಿತು. ಅಷ್ಟರೊಳಗೆ ಮರಿಯಮ್ ಹೆಸರಿನ ಹ್ಯಾಶ್‌ಟ್ಯಾಗ್ ಜನರ ನೆನಪಿನಿಂದ ಮಾಸಿತ್ತು. ಆಕೆಯ ಮಗಳಿಗೆ ಆಗ ಆರು ವರ್ಷ.