ಹಿಂದಿನ ಬಸ್ಸಿನವರು

ಹೋದ ಜುಲೈನಲ್ಲಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ದಿನಾ ರಾತ್ರಿ ಎಂಟೂವರೆಗೆ ಒಂದು ಲ್ಯಾಪ್‌ಟಾಪ್, ಅದರ ಮುಂದೆ ನಾಲ್ಕೈದು ತಲೆ. ಟೂರ್ ಡಿ ಫ್ರಾನ್ಸ್. ಫ್ರಾನ್ಸ್‌ಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ ಇರೋದ್ರಿಂದ ಅಲ್ಲಿ ಸಂಜೆ ಐದೂವರೆಗೆ ಮುಗಿಯುವ ಸ್ಟೇಜ್ ಇಲ್ಲಿ ಸರಿಯಾಗಿ ಮೆಸ್ ಮುಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಬೆಟ್ಟದ ತುದಿಯಲ್ಲಿ ಯಾರೋ ಒಬ್ಬ ಗೆರೆ ದಾಟಿ ಕೈ ಎತ್ತಿದ ಕೂಡಲೇ ಎಲ್ಲರೂ ಎದ್ದು ತಟ್ಟೆ ಹಿಡಿದು ಓಡೋರು. ನಾನು ಮಾತ್ರ ಕೂತಿರ್ತಿದ್ದೆ. "ಮುಗೀತಲ್ಲೋ, ಇನ್ನೇನು ನೋಡ್ತಿದೀಯ?" ಅನ್ನೋರು. ಮುಗಿದಿರಲಿಲ್ಲ. ನೂರಕ್ಕೂ ಹೆಚ್ಚು ಜನ ಇನ್ನೂ ಬೆಟ್ಟದ ಮೇಲೇ ಇರ್ತಿದ್ರು. ಅವರಲ್ಲಿ ಕೆಲವರಿಗೆ ನಾಳೆ ರೇಸ್ ಇದೆಯೋ ಇಲ್ಲವೋ ಅನ್ನೋದೇ ಗೊತ್ತಿರ್ತಿರಲಿಲ್ಲ.

ನನ್ನ ವಾದ ಇಷ್ಟೇ. ಬೆಟ್ಟದ ಸ್ಟೇಜ್ ಇರುವ ದಿನ ಒಂದೇ ರಸ್ತೆಯಲ್ಲಿ ಎರಡು ರೇಸ್ ನಡೆಯುತ್ತೆ. ಟೀವಿಯವರು ತೋರಿಸೋದು ಮುಂದಿನದ್ದು. ನನಗೆ ಹಿಂದಿನದ್ದೇ ದೊಡ್ಡದು ಅನ್ಸುತ್ತೆ.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. 1903ರಲ್ಲಿ ಒಂದು ಪತ್ರಿಕೆಯವರು ತಮ್ಮ ಪೇಪರ್ ಹೆಚ್ಚು ಮಾರಾಟ ಆಗಲಿ ಅಂತ ಶುರು ಮಾಡಿದ ರೇಸ್ ಇದು. ಈಗ ಮೂರು ವಾರ, 21 ಸ್ಟೇಜ್, ಹತ್ತಿರ ಹತ್ತಿರ 3,400 ಕಿಲೋಮೀಟರ್. ಒಂದೊಂದು ತಂಡದಲ್ಲಿ ಎಂಟು ಜನ. ಎಲ್ಲ ಸ್ಟೇಜ್‌ಗಳ ಸಮಯ ಕೂಡಿಸಿ ಯಾರದು ಕಡಿಮೆಯೋ ಅವನಿಗೆ ಹಳದಿ ಜೆರ್ಸಿ. ಬಯಲಿನ ಸ್ಟೇಜ್‌ಗಳಲ್ಲಿ ಸ್ಪ್ರಿಂಟರ್‌ಗಳ ಆಟ. ಆಲ್ಪ್ಸ್, ಪಿರನೀಸ್ ಬೆಟ್ಟಗಳು ಬಂದವೋ, ಅದೇ ಸ್ಪ್ರಿಂಟರ್‌ಗಳಿಗೆ ಯಮಗಂಡ ಕಾಲ.

ಯಾಕೆ ಅಂತ ಕೇಳಿದ್ರೆ ಫಸ್ಟ್ ಸೆಮ್ ಫಿಸಿಕ್ಸ್ ಸಾಕು. ಬಯಲಿನಲ್ಲಿ ಸೈಕಲ್ ಸವಾರನ ಶತ್ರು ಗಾಳಿ. ಮುಂದಿನವನ ಹಿಂದೆ ಅಂಟಿಕೊಂಡು ಹೋದ್ರೆ ಆ ಶತ್ರುವಿನಿಂದ ಬಚಾವ್ ಆಗಬಹುದು. ಏರಿನಲ್ಲಿ ವೇಗ ಇಳಿಯುತ್ತೆ, ಗಾಳಿಯ ಲೆಕ್ಕ ಸಣ್ಣದಾಗುತ್ತೆ, ಗುರುತ್ವಾಕರ್ಷಣೆ ಎದುರಿಗೆ ನಿಲ್ಲುತ್ತೆ. ಅದರಿಂದ ಯಾರ ಬೆನ್ನ ಹಿಂದೆಯೂ ಬಚ್ಚಿಟ್ಟುಕೊಳ್ಳೋಕಾಗಲ್ಲ. ಸ್ಪ್ರಿಂಟರ್ ಮತ್ತು ಅವನ ಸೈಕಲ್ ಸೇರಿ 85 ಕೆಜಿ ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 18 ಕಿಲೋಮೀಟರ್ ಹೋಗೋಕೆ ಅವನು ಬರೀ ಎತ್ತರಕ್ಕಾಗಿ 333 ವ್ಯಾಟ್ ಕೊಡಬೇಕು. ಅದೇ 333 ವ್ಯಾಟ್ ಅನ್ನು ಸೈಕಲ್ ಸೇರಿ 70 ಕೆಜಿ ಇರುವ ಸಣಕಲ ಕೊಟ್ರೆ ಅವನ ವೇಗ ಹತ್ತಿರ ಹತ್ತಿರ 22. ಹದಿನೈದು ಕಿಲೋಮೀಟರಿನ ಒಂದೇ ಏರಿನಲ್ಲಿ ಹತ್ತಿರ ಹತ್ತಿರ ಒಂಬತ್ತು ನಿಮಿಷ ಹೋಯ್ತು. ಒಂದು ದಿನಕ್ಕೆ ಇಂಥವು ಮೂರು ಇರಬಹುದು. (ಗಾಳಿ, ಟಯರ್ ಘರ್ಷಣೆ ಬಿಟ್ಟಿದ್ದೀನಿ, ಮೆಕ್ಯಾನಿಕಲ್‌ನವರು ಮೇಲ್ ಮಾಡಬೇಡಿ.)

ನಾನೂ ಒಂದ್ಸಲ ಸೀನಿಯರ್ ಒಬ್ಬರ ಸೈಕಲ್ ಕಡ ತಗೊಂಡು ನಂದಿ ಬೆಟ್ಟಕ್ಕೆ ಹೋಗಿದ್ದೆ. ಕೊನೆಯ ತಿರುವುಗಳಲ್ಲಿ ಇಳಿದು ತಳ್ಳಿದೆ. ಪಕ್ಕದಲ್ಲಿ ಒಬ್ಬರು ಅಂಕಲ್, ನಮ್ಮಪ್ಪನ ವಯಸ್ಸಿನವರು, "ಕೂತ್ಕೊಂಡೇ ತುಳೀರಿ, ನಿಧಾನಕ್ಕೆ" ಅಂತ ಹೇಳಿ ಮುಂದೆ ಹೋದ್ರು. ಅವತ್ತಿನಿಂದ ಟೀವಿಯಲ್ಲಿ ಟೂರ್ಮಲೆ ಬೆಟ್ಟದ 19 ಕಿಲೋಮೀಟರ್ ಏರು ನೋಡುವಾಗ ಮುಂದಿರುವವನಿಗಿಂತ ಹಿಂದೆ ಉಳಿದವನ ಮುಖವನ್ನೇ ಹುಡುಕ್ತೀನಿ.

ಹಿಂದೆ ಉಳಿದವನು ನಿಧಾನಕ್ಕೆ ಬಂದ್ರೆ ಆಯ್ತಲ್ಲ ಅಂದ್ಕೋಬೇಡಿ. ಅಲ್ಲೇ ಇರೋದು ವಿಷಯ. ಪ್ರತಿ ಸ್ಟೇಜಿಗೂ ಒಂದು ಟೈಮ್ ಕಟ್ ಇರುತ್ತೆ. ಗೆದ್ದವನ ಸಮಯದ ಇಂತಿಷ್ಟು ಶೇಕಡಾದೊಳಗೆ ಬರಲೇಬೇಕು. ಬಾರದಿದ್ರೆ ಮನೆಗೆ. ಸ್ಟೇಜ್ ಎಷ್ಟು ಕಷ್ಟದ್ದು, ಗೆದ್ದವನ ಸರಾಸರಿ ವೇಗ ಎಷ್ಟು ಅನ್ನೋದರ ಮೇಲೆ ಆ ಶೇಕಡಾ ನಿಗದಿಯಾಗುತ್ತೆ. ಅಂದ್ರೆ ಸ್ಟೇಜ್ ಶುರುವಾದಾಗ ಕೊನೆಯ ಗಡುವು ಯಾರಿಗೂ ಗೊತ್ತಿರಲ್ಲ; ಮುಂದೆ ಹೋಗ್ತಿರೋ ಯಾರೋ ಒಬ್ಬನ ಕಾಲುಗಳು ಅದನ್ನು ಬರೀತಾ ಇರ್ತವೆ. ನಮ್ಮ ರಿಲೇಟಿವ್ ಗ್ರೇಡಿಂಗ್ ಥರ. ಟಾಪರ್‌ಗಳೆಲ್ಲ ಚೆನ್ನಾಗಿ ಬರೆದ ದಿನ ಕೊನೆ ಬೆಂಚಿನವನ ಹಣೆಬರಹ ಅವನಿಗೆ ಗೊತ್ತಿಲ್ಲದೇ ಬದಲಾಗಿರುತ್ತೆ.

ಇದಕ್ಕೆ ಸ್ಪ್ರಿಂಟರ್‌ಗಳು ಕಂಡುಕೊಂಡ ಉಪಾಯವೇ ಬಸ್ಸು. ಫ್ರೆಂಚರು ಆಟೋಬಸ್ ಅಂತಾರೆ, ಇಟಲಿಯವರು ಗ್ರುಪೆಟ್ಟೋ. ಮೊದಲ ದೊಡ್ಡ ಏರಿನಲ್ಲಿ ಕಳಚಿಕೊಂಡವರೆಲ್ಲ ಒಟ್ಟಾಗಿ ಒಂದು ಗುಂಪು ಮಾಡ್ಕೊಳ್ತಾರೆ. ನಿನ್ನೆ ಬಯಲಿನಲ್ಲಿ ಗೆಲುವಿಗಾಗಿ ಮೊಣಕೈಯಲ್ಲಿ ತಿವಿದುಕೊಂಡವರು ಇವತ್ತು ಒಬ್ಬರಿಗೊಬ್ಬರು ನೀರಿನ ಬಾಟಲಿ ದಾಟಿಸ್ತಾರೆ. ಏರಿನಲ್ಲಿ ಯಾರೂ ಹುಚ್ಚುಹುಚ್ಚಾಗಿ ತುಳಿಯುವಂತಿಲ್ಲ, ತುಳಿದ್ರೆ ಬೈಗುಳ. ಕಳೆದುಕೊಂಡ ಸಮಯವನ್ನು ಇಳಿಜಾರಿನಲ್ಲಿ, ಕಣಿವೆಯ ಬಯಲಿನಲ್ಲಿ ಎಲ್ಲರೂ ಸರದಿಯ ಮೇಲೆ ಮುಂದೆ ನಿಂತು ವಾಪಸ್ ಗಳಿಸಬೇಕು. ಲೆಕ್ಕ ಹಾಕೋಕೆ ಅನುಭವಸ್ಥನೊಬ್ಬ ಬೇಕು. ಆಸ್ಟ್ರಿಯಾದ ಬರ್ನ್‌ಹಾರ್ಡ್ ಐಸೆಲ್ ಅನ್ನುವವನು ಇದಕ್ಕೇ ಹೆಸರಾಗಿದ್ದ, ಬಸ್ ಡ್ರೈವರ್ ಅಂತಲೇ ಕರೀತಿದ್ರು. ನನಗೆ ಟೂರ್‌ನಲ್ಲಿ ಯಾರ ಕೆಲಸ ಬೇಕು ಅಂತ ಕೇಳಿದ್ರೆ ಇವನದ್ದೇ ಕೇಳ್ತೀನಿ.

ಈ ಬಸ್ಸಿನ ಇನ್ನೊಂದು ಗುಟ್ಟು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬನೇ ಬಂಕ್ ಮಾಡಿದ್ರೆ ಅಟೆಂಡೆನ್ಸ್ ಹೋಗುತ್ತೆ. ಮಾಸ್ ಬಂಕ್ ಮಾಡಿದ್ರೆ ಲೆಕ್ಚರರ್ ಏನು ಮಾಡ್ತಾರೆ? 2011ರ ಟೂರ್‌ನಲ್ಲಿ ಗಾಲಿಬಿಯೇ ಬೆಟ್ಟದ ಸ್ಟೇಜಿನ ದಿನ 88 ಜನ ಗಡುವು ಮೀರಿ ಬಂದ್ರು. ಅವರನ್ನೆಲ್ಲ ಮನೆಗೆ ಕಳಿಸಿದ್ರೆ ರೇಸೇ ಉಳಿಯಲ್ಲ. ಎಲ್ಲರನ್ನೂ ಉಳಿಸಿಕೊಂಡ್ರು, ಹಸಿರು ಜೆರ್ಸಿಯ ಲೆಕ್ಕದಲ್ಲಿ 20 ಪಾಯಿಂಟ್ ಮಾತ್ರ ಕತ್ತರಿಸಿದ್ರು. ಅವರಲ್ಲೊಬ್ಬನಾದ ಮಾರ್ಕ್ ಕ್ಯಾವೆಂಡಿಷ್ ಅದಾದ ಮೇಲೂ ಪ್ಯಾರಿಸ್‌ನಲ್ಲಿ ಹಸಿರು ಜೆರ್ಸಿ ತೊಟ್ಟ. 2016ರ ಸ್ಪೇನ್ ರೇಸಿನಲ್ಲಿ, ಅದೇ ವುಯೆಲ್ಟಾ, ಫೋರ್ಮಿಗಾಲ್‌ಗೆ ಹೋಗುವ 118 ಕಿಲೋಮೀಟರಿನ ಪುಟ್ಟ ಸ್ಟೇಜಿನಲ್ಲಿ 93 ಜನ ತಡ. ಅವರಿಗೂ ಮಾಫಿ. ಮುಂದೆ ಜೀವ ಬಿಟ್ಟು ತುಳಿದವರಿಗೆ ಎಷ್ಟು ಸಿಟ್ಟು ಬಂದಿರಬೇಡ?

ನನಗೆ ಇಲ್ಲೇ ತಕರಾರಿರೋದು. ಟೈಮ್ ಕಟ್ ತೆಗೆದುಹಾಕಿ ಅನ್ನೋನು ನಾನಲ್ಲ. ಅದು ಇಲ್ಲದಿದ್ರೆ ಸ್ಪ್ರಿಂಟರ್ ಬೆಟ್ಟದ ದಿನ ರಜೆ ಹಾಕಿ, ಮರುದಿನ ಬಯಲಿನಲ್ಲಿ ತಾಜಾ ಕಾಲುಗಳೊಂದಿಗೆ ಬಂದು ಗೆಲ್ತಾನೆ. ಅದು ಮೋಸ. ಆದ್ರೆ ದೊಡ್ಡ ಗುಂಪಿನಲ್ಲಿ ತಡವಾದವನಿಗೆ ಕರುಣೆ, ಒಂಟಿಯಾಗಿ ತಡವಾದವನಿಗೆ ಕಾನೂನು ಅನ್ನೋದು ಯಾವ ನ್ಯಾಯ? ಒಂಟಿಯಾದವನೇ ತಾನೇ ಹೆಚ್ಚು ಕಷ್ಟಪಟ್ಟಿರೋದು? ಬಿದ್ದಿರ್ತಾನೆ, ಹೊಟ್ಟೆ ಕೆಟ್ಟಿರುತ್ತೆ, ಬಸ್ಸು ಕಣ್ಣೆದುರೇ ಹೊರಟುಹೋಗಿರುತ್ತೆ.

2021ರ ಜುಲೈ 4 ನೋಡಿ. ಆಲ್ಪ್ಸ್‌ನ ತೀನ್ಯ ಅನ್ನೋ ಊರಿಗೆ ಸ್ಟೇಜ್. ಮಳೆ, ಚಳಿ. ಆಸ್ಟ್ರೇಲಿಯಾದ ಬೆನ್ ಒ'ಕಾನರ್ ಹತ್ತಿರ ಹತ್ತಿರ ನಾಲ್ಕೂವರೆ ಗಂಟೆಯಲ್ಲಿ ಗೆದ್ದ. ಗಡುವು ಶೇಕಡಾ 14, ಅಂದ್ರೆ ಅವನ ನಂತರ 37 ನಿಮಿಷ ಚಿಲ್ಲರೆ. ಎಲ್ಲರೂ ಇನ್ನು ಮುಗೀತು ಅಂದಿದ್ದ ಕ್ಯಾವೆಂಡಿಷ್ ಆ ವರ್ಷ ವಾಪಸ್ ಬಂದು ಆಗಲೇ ಎರಡು ಸ್ಟೇಜ್ ಗೆದ್ದಿದ್ದ. ಅವತ್ತು ತಂಡದವರು ಅವನನ್ನು ಸುತ್ತುವರಿದು ಕರ್ಕೊಂಡು ಬಂದ್ರು. ಗೆರೆ ದಾಟಿದಾಗ ಎರಡು ನಿಮಿಷವೂ ಬಾಕಿ ಇರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಗೆದ್ದ, ಆಮೇಲೆ ಇನ್ನೊಂದು, ಎಡ್ಡಿ ಮರ್ಕ್ಸ್‌ನ 34 ಸ್ಟೇಜ್ ಗೆಲುವಿನ ದಾಖಲೆ ಸರಿಗಟ್ಟಿದ. 2024ರಲ್ಲಿ 35ನೆಯದು ಗೆದ್ದು ಅದನ್ನು ಮುರಿದ. ಆ ವರ್ಷವೂ ಮೊದಲ ದಿನವೇ ಬಿಸಿಲಿಗೆ ವಾಂತಿ ಮಾಡ್ಕೊಂಡು ಹಿಂದೆ ಬಿದ್ದಿದ್ದ, ತಂಡದವರೇ ಜೊತೆಗಿದ್ದು ಗಡುವಿನೊಳಗೆ ತಂದಿದ್ರು. ಪೇಪರ್‌ನಲ್ಲಿ ಬಂದಿದ್ದು 35 ಅನ್ನೋ ನಂಬರ್ ಮಾತ್ರ.

ತೀನ್ಯದಲ್ಲಿ ಅದೇ ದಿನ ದಕ್ಷಿಣ ಆಫ್ರಿಕಾದ ನಿಕ್ ದ್ಲಾಮಿನಿ ಬಿದ್ದ. ಅವನ ದೇಶದಿಂದ ಟೂರ್‌ಗೆ ಬಂದ ಮೊದಲ ಕಪ್ಪು ಸವಾರ ಅವನು. ಎದ್ದು ಒಬ್ಬನೇ ತುಳಿದ. ಗಡುವು ಮುಗಿದಿದ್ದು ಅವನಿಗೂ ಗೊತ್ತಿತ್ತು, ಹಿಂದೆ ಬರೋ ಪೊರಕೆ ಗಾಡಿಗೂ ಗೊತ್ತಿತ್ತು. (ಹೌದು, ಹೆಸರೇ ಪೊರಕೆ ಗಾಡಿ. ರೇಸ್ ಬಿಟ್ಟವರನ್ನು ಗುಡಿಸಿಕೊಂಡು ಹೋಗೋ ವ್ಯಾನ್. 1910ರಲ್ಲಿ ಪಿರನೀಸ್‌ನ ಎತ್ತರದ ಬೆಟ್ಟಗಳನ್ನು ಮೊದಲ ಸಲ ಸೇರಿಸಿದಾಗ ಇದೂ ಬಂತು.) ಹತ್ತಿ ಕೂತಿದ್ರೆ ಹೀಟರ್, ಕಂಬಳಿ. ಅವನು ಹತ್ತಲಿಲ್ಲ. ಗೆದ್ದವನು ಬಂದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆದ ಮೇಲೆ ಬಂದು ಗೆರೆ ದಾಟಿದ. ಅವನಿಗೆ ಅದರಿಂದ ಏನೂ ಸಿಗಲಿಲ್ಲ, ಮರುದಿನ ರೇಸೂ ಇರಲಿಲ್ಲ.

ಇವೆಲ್ಲಕ್ಕಿಂತ ನನ್ನ ತಲೆಯಲ್ಲಿ ಕೂತಿರೋದು 2017ರ ಒಂಬತ್ತನೇ ಸ್ಟೇಜ್, ಶಾಂಬೆರಿಗೆ ಹೋಗಿದ್ದು. ಫ್ರಾನ್ಸ್‌ನ ಸ್ಪ್ರಿಂಟರ್ ಅರ್ನೋ ದೆಮಾರ್. ಐದು ದಿನ ಮುಂಚೆ ಸ್ಟೇಜ್ ಗೆದ್ದಿದ್ದವನು ಅವತ್ತು ಹಿಂದೆ ಬಿದ್ದ, ಬಸ್ಸೂ ತಪ್ಪಿತು. ಅವನ ತಂಡದ ಮೂರು ಜನ, ಗ್ವಾರ್ನಿಯೇರಿ, ಕೊನೊವಲೋವಸ್, ದೆಲಾಜ್, ಅವನಿಗಾಗಿ ಹಿಂದೆ ನಿಂತ್ರು. ನಾಲ್ಕೂ ಜನ ಗಡುವು ಮೀರಿ ಬಂದ್ರು. ನಾಲ್ವರೂ ಮನೆಗೆ. ಆಗ ತಂಡಕ್ಕೆ ಒಂಬತ್ತು ಜನ, ಒಂದೇ ಮಧ್ಯಾಹ್ನ ಸುಮಾರು ಅರ್ಧ ತಂಡ ಖಾಲಿ.

ಇದನ್ನು ಹೋದ ಜುಲೈನಲ್ಲಿ ನನ್ನ ಲ್ಯಾಬ್ ಪಾರ್ಟ್ನರ್‌ಗೆ ಯೂಟ್ಯೂಬ್‌ನಲ್ಲಿ ತೋರಿಸಿದ್ದೆ. ಅವನು ನಕ್ಕುಬಿಟ್ಟ. "ಮಗಾ, ಒಬ್ಬ ಹೋಗೋ ಕಡೆ ನಾಲ್ಕು ಜನ ಹೋದ್ರಲ್ಲೋ. ಇವರಿಗೆ ಲೆಕ್ಕ ಬರಲ್ವಾ?" ಅಂದ. ನಾನೂ ಹೌದು ಅಂದೆ. ಲೆಕ್ಕ ಸರಿಯಾಗೇ ಇತ್ತು. ಗೆಲ್ಲೋಕೆ ಬಂದವನು ಸೋತಾಗ ಉಳಿದವರಾದ್ರೂ ಉಳೀಬೇಕು, ತಂಡಕ್ಕೆ ಅವರು ಬೇಕು.

ಆ ಸೆಮಿಸ್ಟರ್ ಎಕ್ಸಾಮ್‌ಗೆ ಎರಡು ವಾರ ಇದ್ದಾಗ ಅವನು ನನ್ನ ರೂಮಿಗೆ ಬಂದು ಮ್ಯಾಥ್ಸ್ ಹೇಳಿಕೊಡ್ತೀಯಾ ಅಂತ ಕೇಳಿದ್ದ. ಅವನು ಪಿಯುಸಿವರೆಗೂ ಕನ್ನಡ ಮೀಡಿಯಮ್ ವಾತಾವರಣದಲ್ಲಿ ಓದಿದವನು, ಕ್ಲಾಸಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನ ರಾತ್ರಿ ಕೂತು ಮತ್ತೆ ಬಿಡಿಸಿಕೊಳ್ಳಬೇಕಿತ್ತು. ನನಗೆ ಉಲ್ಟಾ, ಈ ಲೇಖನ ಬರೆಯೋಕೇ ಅವನ ಸಹಾಯ ಬೇಕಿತ್ತು. ನಾನು "ನಂದೇ ಮುಗಿದಿಲ್ಲ ಕಣೋ, ನಾಳೆ ನೋಡೋಣ" ಅಂದೆ. ನಾಳೆ ಅನ್ನೋದು ಬರಲಿಲ್ಲ. ಸುಳ್ಳೇನೂ ಹೇಳಿರಲಿಲ್ಲ, ನಂದು ನಿಜವಾಗ್ಲೂ ಮುಗಿದಿರಲಿಲ್ಲ. ರಿಸಲ್ಟ್ ಬಂದಾಗ ನನಗೆ ಎ ಗ್ರೇಡ್. ಅವನಿಗೆ ಮ್ಯಾಥ್ಸ್ ಸೇರಿ ಇನ್ನೂ ಕೆಲವು ಬಾಕಿ ಉಳಿದು ಇಯರ್ ಬ್ಯಾಕ್ ಆಯ್ತು. ಮೂರನೇ ಸೆಮ್ ಮೊದಲ ದಿನ ಲ್ಯಾಬಿನಲ್ಲಿ ನನ್ನ ಪಕ್ಕ ಬೇರೆ ಯಾರೋ ನಿಂತಿದ್ರು.

ಅದಾದ ಮೇಲೆ ಆ ಶಾಂಬೆರಿ ವಿಡಿಯೋ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಆ ಮೂವರಿಗೆ ಲೆಕ್ಕ ಬರಲ್ಲ ಅಂತ ಈಗ ಹೇಳೋಕಾಗಲ್ಲ. ಗಡುವಿನ ಲೆಕ್ಕ ಬಸ್ಸಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಗೊತ್ತಿದ್ದೇ ನಿಂತ್ರು. ತಂಡದ ಮ್ಯಾನೇಜರ್ ಆಗಿದ್ರೆ ನಾನು ಈಗಲೂ ಅವರಲ್ಲಿ ಇಬ್ಬರಿಗಾದ್ರೂ ಮುಂದೆ ಹೋಗಿ ಅಂತಿದ್ದೆ, ಅದನ್ನ ಮುಚ್ಚಿಡಲ್ಲ. ಆದ್ರೆ ಅವರನ್ನ ನೋಡಿ ನಗೋಕೆ ಆಗ್ತಿಲ್ಲ.

ಟೀವಿಯವರಿಗೆ ನನ್ನ ಬೇಡಿಕೆ ಚಿಕ್ಕದು. ಗೆದ್ದವನ ಸಂದರ್ಶನ, ಶಾಂಪೇನ್, ಜೆರ್ಸಿ ಎಲ್ಲ ತೋರಿಸಿ. ಪರದೆಯ ಮೂಲೆಯಲ್ಲಿ ಗಡುವಿಗೆ ಉಳಿದ ನಿಮಿಷಗಳನ್ನೂ ಹಾಕಿ, ಒಂದು ಬೈಕ್ ಕ್ಯಾಮೆರಾ ಹಿಂದೆ ಬಿಡಿ. 2022ರಲ್ಲಿ ಪೆರಗೂಡ್ ಬೆಟ್ಟದ ಕಡಿದಾದ ಕೊನೆಯ ಏರಿನಲ್ಲಿ ಫಾಬಿಯೋ ಯಾಕೊಬ್‌ಸೆನ್ ಬರೋದನ್ನ ತೋರಿಸಿದ್ರಲ್ಲ, ಹಾಗೆ. ಎರಡು ವರ್ಷ ಮುಂಚೆ ಪೋಲೆಂಡ್‌ನಲ್ಲಿ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದವನು ಅವನು. ತಂಡದವರು ಗೆರೆಯ ಹತ್ತಿರ ನಿಂತು ಕೂಗ್ತಿದ್ರು, ಕೆಲವೇ ಸೆಕೆಂಡ್ ಬಾಕಿ ಇದ್ದಾಗ ದಾಟಿ ಕುಸಿದುಬಿಟ್ಟ. ಅದನ್ನ ನೋಡಿದ ದಿನ ನಮ್ಮ ರೂಮಿನಲ್ಲಿ ಯಾರೂ ಮೆಸ್‌ಗೆ ಓಡಲಿಲ್ಲ.

ಮುಂದಿನ ತಿಂಗಳು ಅವನ ಮ್ಯಾಥ್ಸ್ ಪೇಪರ್ ಮತ್ತೆ ಇದೆ. ಹೋದ ವಾರ ನಾನೇ ಅವನ ರೂಮಿಗೆ ಹೋಗಿ ಕೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನಿಂದು ಇಂಟರ್ನಲ್ಸ್ ಅದೇ ವಾರ ಅಲ್ವೇನೋ?" ಅಂದ. ಹೌದು, ಅದೇ ವಾರ. ಈಗ ದಿನಾ ಒಂಬತ್ತಕ್ಕೆ, ಮೆಸ್ ಊಟ ಮುಗಿಸಿ ಕೂರ್ತೀವಿ. ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಇನ್ನೂ ಶುರು ಮಾಡಿಲ್ಲ.