ಯಾರ ಪುಸ್ತಕ ಯಾರ ಮಕ್ಕಳಿಗೆ

ಹಿರಿಯರೊಬ್ಬರ ನೆನಪಿಗೆ ಸ್ವರ್ಣವಲ್ಲಿ ಆಸುಪಾಸಿನ ಕೆಲವು ಶಾಲೆಗಳಿಗೆ ಮಕ್ಕಳ ಪುಸ್ತಕ ಕೊಡೋಣವೆಂದು ನಾಲ್ಕಾರು ಮನೆಯವರು ಹಣ ಕೂಡಿಸಿದ್ದರು. ಪಟ್ಟಿ ಮಾಡಲು ಕೂತಾಗ ಸಿದ್ದಿ ಹುಡುಗಿಯೊಬ್ಬಳ ಕಥೆಯಿದ್ದ ಚಿತ್ರಪುಸ್ತಕ ಕೈಯಿಂದ ಕೈಗೆ ಹೋಯಿತು. ಚಿತ್ರ ಚೆನ್ನಾಗಿದೆ, ಕಾಗದ ಚೆನ್ನಾಗಿದೆ ಎಂದು ಎಲ್ಲರೂ ಮೆಚ್ಚಿದರು. ಆಮೇಲೆ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಹೇಳಿದರು: "ಇದು ನಮ್ಮ ಮಕ್ಕಳಿಗೆಂತಕ್ಕೆ? ಯಲ್ಲಾಪುರ ಬದಿ ಶಾಲೆಗೆ ಕೊಟ್ರೆ ಚೊಲೊ ಆಗ್ತು."

ಉಳಿದವರು ತಲೆಯಾಡಿಸಿದರು. ಸಿದ್ದಿ ಕಥೆ ಸಿದ್ದಿ ಮಕ್ಕಳಿಗೆ, ಇದರಲ್ಲಿ ತಪ್ಪೇನು?

ತಪ್ಪಿದೆ ಎಂಬುದೇ ನನ್ನ ವಾದ. ಎಲ್ಲರನ್ನೂ ಒಳಗೊಳ್ಳುವ ಪುಸ್ತಕ ಬೇಕು ಎಂಬ ಮಾತು ಈಗ ಶಿಕ್ಷಕರ ತರಬೇತಿಯಲ್ಲಿ, ಸಾಹಿತ್ಯೋತ್ಸವದ ಗೋಷ್ಠಿಗಳಲ್ಲಿ, ಪೇಟೆಯ ಪುಸ್ತಕದಂಗಡಿಯಲ್ಲಿ ಎಲ್ಲೆಲ್ಲೂ ಕೇಳುತ್ತದೆ. ಕೇಳಿದವರು ಪುಸ್ತಕವನ್ನೂ ಕೊಳ್ಳುತ್ತಾರೆ. ಕೊಂಡ ಮೇಲೆ ಅದನ್ನು ಯಾರ ಬಗ್ಗೆ ಬರೆದಿದೆಯೋ ಅವರ ಮಕ್ಕಳಿಗೇ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಎಚ್.ಎಸ್. ಬ್ಯಾಕೋಡ ಅವರ 'ನಾನೂ ಅಂಬೇಡ್ಕರ್' ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ 2020ರ ಬಾಲ ಸಾಹಿತ್ಯ ಪುರಸ್ಕಾರ ಬಂತು. ಇಂಥ ಹೆಸರಿನ ಪುಸ್ತಕ ಕೈಗೆ ಬಂದ ಕೂಡಲೇ ನಮಗೆ ನೆನಪಾಗುವ ವಿಳಾಸ ಯಾವುದು? ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್. ಅಂಬೇಡ್ಕರರ ಬಗ್ಗೆ ತಿಳಿಯುವ ತುರ್ತು ಹಾಸ್ಟೆಲಿನ ಹುಡುಗನಿಗಿಂತ ಅಡಿಕೆ ತೋಟದ ಮನೆಯ ಹುಡುಗನಿಗೆ ಹೆಚ್ಚಿದೆ. ಹಾಸ್ಟೆಲಿನವನಿಗೆ ಅಷ್ಟಿಷ್ಟು ಆಗಲೇ ಗೊತ್ತಿರುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ತೂಕದ ಮಾತೊಂದಿದೆ. ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಒಂದು ಲೇಖನದಿಂದ ಅದು ಜಗತ್ತಿನ ತುಂಬ ಹಬ್ಬಿತು: ಪುಸ್ತಕ ಮಗುವಿಗೆ ಒಮ್ಮೆ ಕನ್ನಡಿಯಾಗಬೇಕು, ಒಮ್ಮೆ ಕಿಟಕಿಯಾಗಬೇಕು. ಓದಿದ ಯಾವ ಪುಸ್ತಕದಲ್ಲೂ ತನ್ನಂಥ ಮುಖ ಕಾಣದ ಮಗು, ತಾನು ಪುಸ್ತಕಕ್ಕೆ ಸೇರಿದ್ದಲ್ಲ ಎಂಬ ಪಾಠವನ್ನು ಯಾರೂ ಹೇಳದೆಯೇ ಕಲಿತುಬಿಡುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿ ಮಕ್ಕಳಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಶತಮಾನಗಳಿಂದ ಇಲ್ಲಿನ ಕಾಡಿನ ನಡುವೆ ಬದುಕಿದವರು, ಕೊಂಕಣಿ, ಕನ್ನಡ, ಉರ್ದು ಆಡುವವರು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಆಗಿರುವವರು, ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಲ್ಲಿನ ಹುಡುಗಿಗೆ ಕನ್ನಡಿ ಬೇಡವೆಂದು ಹೇಳುವ ಧೈರ್ಯ ನನಗಿಲ್ಲ. ಬೇಕು, ಮೊದಲು ಬೇಕು. ಆದರೆ ಕನ್ನಡಿಯ ಮಾತನ್ನು ಹಿಡಿದುಕೊಂಡು ಕಿಟಕಿಯ ಮಾತನ್ನು ಬಿಟ್ಟುಬಿಟ್ಟರೆ ಆಗುವುದೇನು? ಅವರವರ ಪುಸ್ತಕ ಅವರವರ ಕೇರಿಗೆ ಹೋಗುತ್ತದೆ. ಊರಿನಲ್ಲಿ ಮೊದಲೇ ಇದ್ದ ಗಡಿಗಳನ್ನು ಕಪಾಟಿನಲ್ಲೂ ಎಳೆದಂತಾಗುತ್ತದೆ.

ಇನ್ನು "ಸಣ್ಣ ಮಕ್ಕಳಿಗೆ ಜಾತಿಗೀತಿ ಗೊತ್ತೇ ಇರುವುದಿಲ್ಲ, ನಾವೇಕೆ ಕಲಿಸಬೇಕು" ಎನ್ನುವವರಿದ್ದಾರೆ. ಅಜ್ಜನ ಜಗಲಿ ಹತ್ತುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಎಂದು ಐದು ವರ್ಷದ ಯಾವ ಮಗುವನ್ನಾದರೂ ಕೇಳಿ ನೋಡಲಿ.

ಸಿದ್ದಿಗಳು ನಮ್ಮ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ ಎಂದಲ್ಲ. ಬೀಳುತ್ತಾರೆ, ಎಲ್ಲಿ ಬೀಳುತ್ತಾರೆ ಎಂಬುದೇ ಪ್ರಶ್ನೆ. 2021ರ 'ಸಲಗ' ಸಿನಿಮಾಕ್ಕೆ ಸಿದ್ದಿ ಕಲಾವಿದರು ಹಾಡಿದ ಹಾಡಿಗೆ ಎಷ್ಟೋ ಶಾಲೆಗಳ ವಾರ್ಷಿಕೋತ್ಸವದಲ್ಲಿ ಎಲ್ಲ ಜಾತಿಯ ಮಕ್ಕಳೂ ಕುಣಿದರು. ಉತ್ಸವಗಳ ಮೆರವಣಿಗೆಯಲ್ಲಿ ಅವರ ಡಮಾಮಿ ವಾದ್ಯ ಇರಲೇಬೇಕು. ಅದಕ್ಕೂ ಹಿಂದೆ, 1980ರ ದಶಕದ ಕೊನೆಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆಂದು ಆಯ್ದುಕೊಂಡು ಹೋಯಿತು. ಆಫ್ರಿಕಾ ಮೂಲದವರೆಂದ ಮೇಲೆ ಪದಕ ತಂದೇ ತರುತ್ತಾರೆ ಎಂಬ ಎಣಿಕೆ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಊರಿಗೆ ಮರಳಿದರು. ಕುಣಿಯುವ ಮೈ, ಓಡುವ ಮೈ: ಇಷ್ಟಕ್ಕೆ ಜಾಗ ಕೊಟ್ಟಿದ್ದೇವೆ. ಚಿತ್ರಪುಸ್ತಕ ಬರೆಯುವವರು ತೆರೆಯುವುದೂ ಇದೇ ಬಾಗಿಲನ್ನು. ಸಿದ್ದಿ ಹುಡುಗನೊಬ್ಬ ಕಥೆಗೆ ಬಂದರೆ ಕೈಯಲ್ಲಿ ಡಮಾಮಿ ಇರುತ್ತದೆ, ಇಲ್ಲವೇ ಕೊನೆಯ ಪುಟದಲ್ಲಿ ಕೊರಳಿಗೆ ಪದಕ ಬೀಳುತ್ತದೆ. ಲೆಕ್ಕ ತಪ್ಪಿ ಬೈಸಿಕೊಳ್ಳುವ, ತಂಗಿಯ ಪೆನ್ಸಿಲ್ ಕದ್ದು ಸುಳ್ಳು ಹೇಳುವ, ಕತ್ತಲೆಗೆ ಹೆದರುವ ಸಿದ್ದಿ ಹುಡುಗನನ್ನು ಯಾವ ಪುಟದಲ್ಲಿ ಹುಡುಕೋಣ?

ಮಂಚಿಕೇರಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮಕ್ಕಳ ಪುಸ್ತಕಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ನನ್ನ ಮಟ್ಟಿಗೆ ಸಂಬಂಧ ಇರುವುದೇ ಇಲ್ಲಿ. ಯಲ್ಲಾಪುರ ತಾಲೂಕಿನ ಮಂಚಿಕೇರಿ ನಾಟಕದ ಹುಚ್ಚಿನ ಊರು. 1980ರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅಲ್ಲಿಯ ಸಿದ್ದಿಗಳನ್ನು ಕಟ್ಟಿಕೊಂಡು 'ಕಪ್ಪು ಜನ ಕೆಂಪು ನೆರಳು' ನಾಟಕ ಮಾಡಿಸಿದರು. ನೈಜೀರಿಯಾದ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಮೂಲ. ಇಗ್ಬೋ ಹಳ್ಳಿಯೊಂದರ ಗಟ್ಟಿ ಮನುಷ್ಯ ಒಕೊಂಕ್ವೊ, ತನ್ನ ಹೆಮ್ಮೆಯಿಂದಲೂ ತನ್ನ ಭಯದಿಂದಲೂ, ಹೊರಗಿನಿಂದ ಬಂದ ಆಳ್ವಿಕೆಯಿಂದಲೂ ಮುರಿದುಬೀಳುವ ಕಥೆ. ಯಾವ ಕಾಲದಲ್ಲೋ ಪೋರ್ಚುಗೀಸರ ಹಡಗಿನಲ್ಲಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿ ಈ ಪಾತ್ರಗಳನ್ನು ಕನ್ನಡದಲ್ಲಿ ಆಡಿತು. ಅಲ್ಲಿ ಸಿದ್ದಿಗಳು ಸಿದ್ದಿಗಳ ಪಾತ್ರ ಮಾಡಲಿಲ್ಲ. ಕುಣಿತದ ಕಲಾವಿದರಾಗಿ ಹಿಮ್ಮೇಳದಲ್ಲೂ ನಿಲ್ಲಲಿಲ್ಲ. ದುರಂತ ನಾಯಕರಾದರು. ಅಹಂಕಾರ ಪಡುವ, ಮಗನನ್ನು ಅರ್ಥಮಾಡಿಕೊಳ್ಳದ, ತಪ್ಪು ಮಾಡುವ ಹಕ್ಕುಳ್ಳ ಮನುಷ್ಯರಾದರು. ಎಂದೂ ಶಾಲೆಯ ಪಠ್ಯದಲ್ಲಿ ಒಂದು ಪ್ಯಾರಾಕ್ಕೆ ಮೀರದವರು ಇಡೀ ನಾಟಕದ ನಾಯಕರಾಗಿ ನಿಂತಾಗ, ಆ ನಾಟಕ ಹೆಚ್ಚು ಬೇಕಾಗಿದ್ದು ಆಡಿದವರಿಗೋ ಎದುರು ಕೂತವರಿಗೋ? ತಮ್ಮ ತೋಟದಲ್ಲಿ ಅಡಿಕೆ ಹೊರುವ ಆಳು ಎಂದಷ್ಟೇ ಕಂಡಿದ್ದವನನ್ನು ಎರಡು ಗಂಟೆ ಕಾಲ ತಲೆಯೆತ್ತಿ ನೋಡಬೇಕಾದದ್ದು ಎದುರು ಕೂತವರಿಗೆ. ಮಕ್ಕಳ ಪುಸ್ತಕದಿಂದ ನಾನು ಕೇಳುತ್ತಿರುವುದು ಇಷ್ಟೇ. ನಾಲ್ಕು ದಶಕದ ಹಿಂದೆ ಮಂಚಿಕೇರಿಯ ರಂಗದಲ್ಲಿ ಆದದ್ದು ಇವತ್ತಿನ ಇಪ್ಪತ್ನಾಲ್ಕು ಪುಟದ ಬಣ್ಣದ ಪುಸ್ತಕದಲ್ಲಿ ಆಗಬಾರದೆ?

ಸಾಹಿತ್ಯದ ಕಡೆಯಿಂದ ಬರುವ ಆಕ್ಷೇಪ ಬೇರೆ ಬಗೆಯದು, ಅದಕ್ಕೂ ನನಗೆ ಗೌರವವಿದೆ. ಒಳಗೊಳ್ಳಬೇಕು ಎಂದು ಹಟ ಹಿಡಿದು ಬರೆದರೆ ಕಥೆ ಸತ್ತು ಉಪದೇಶ ಉಳಿಯುತ್ತದೆ ಎನ್ನುತ್ತಾರೆ. ನಿಜ. ಪಂಜೆಯವರ, ರಾಜರತ್ನಂ ಅವರ ಪದ್ಯಗಳು ಇವತ್ತಿಗೂ ಮಕ್ಕಳ ಬಾಯಲ್ಲಿರುವುದು ನಾದದಿಂದ, ತುಂಟತನದಿಂದ. ಯಾರನ್ನೋ ಒಳಗೊಂಡ ಪುಣ್ಯದಿಂದಲ್ಲ. ಈಚೆಗೆ ಒಂದು ಪುಸ್ತಕ ನೋಡಿದೆ. ಮುಖಪುಟದಲ್ಲಿ ನಾಲ್ಕು ಮಕ್ಕಳು: ಒಬ್ಬಳಿಗೆ ತಲೆಗೆ ಸ್ಕಾರ್ಫ್, ಒಬ್ಬ ಗಾಲಿಕುರ್ಚಿಯಲ್ಲಿ, ಒಬ್ಬಳು ಕಪ್ಪು, ಮತ್ತೊಬ್ಬನಿಗೆ ಯಾವ ಗುರುತೂ ಇಲ್ಲ. ಪೆನ್ಸಿಲ್ ಹಿಡಿದು ಯಾರು ಎಷ್ಟು ಮಾತಾಡುತ್ತಾರೆ ಎಂದು ಗುರುತು ಹಾಕುತ್ತ ಹೋದೆ. ಉಪಾಯ ಹೊಳೆಯುವುದು ಗುರುತಿಲ್ಲದವನಿಗೆ. ಮರ ಹತ್ತುವುದು ಅವನೇ, ಬಿದ್ದು ನಗಿಸುವುದೂ ಅವನೇ. ಗಾಲಿಕುರ್ಚಿಯ ಹುಡುಗ ಕೊನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟುತ್ತಾನೆ. ಉಳಿದ ಇಬ್ಬರು ಹುಡುಗಿಯರು "ಹೌದು ಹೌದು" ಎನ್ನುವುದಕ್ಕೆ ಇದ್ದಾರೆ. ಇಂಥದ್ದನ್ನು ಕಂಡಾಗ ಉಪದೇಶದ ಆಕ್ಷೇಪ ನೂರಕ್ಕೆ ನೂರು ಸರಿ ಅನ್ನಿಸುತ್ತದೆ.

ಆದರೆ ಆ ಆಕ್ಷೇಪ ಎತ್ತುವವರು ಒಂದನ್ನು ಮರೆಯುತ್ತಾರೆ. ಅವರು ಸಾರ್ವತ್ರಿಕ ಎನ್ನುವ ಕಥೆಗೂ ಒಂದು ಮನೆಯಿರುತ್ತದೆ. ಆ ಮನೆಗೆ ಜಗಲಿ, ಹಿತ್ತಿಲು, ತುಳಸಿಕಟ್ಟೆ. ಪೇಪರ್ ಓದುವ ಅಪ್ಪ, ಚಕ್ಕುಲಿ ಮಾಡುವ ಅಜ್ಜಿ. ಆ ಮನೆಯ ಮಗುವಿಗೆ ತನ್ನದೂ ಒಂದು ಗುರುತು ಎಂಬುದು ತಿಳಿಯುವುದೇ ಇಲ್ಲ, ಏಕೆಂದರೆ ಪ್ರತಿ ಪುಸ್ತಕವೂ ಅದರ ಮನೆಯಿಂದಲೇ ಶುರುವಾಗುತ್ತದೆ. ಅದಕ್ಕೇ ಕಿಟಕಿ ಹೆಚ್ಚು ಬೇಕಾಗಿರುವುದು ಆ ಮಗುವಿಗೆ.

ಚೆನ್ನಾಗಿ ಬರೆದೂ ಒಳಗೊಳ್ಳಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಸಿದ್ದಾಪುರದಾಚೆಯ ಸಾಗರದಲ್ಲಿ ನಾ. ಡಿಸೋಜ ಇದ್ದರು. ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಶರಾವತಿಯ ಹಿನ್ನೀರಿನ ಕೆಳಗೆ ಹೋದ ಊರುಗಳ ವಿಷಯ ದೊಡ್ಡವರ ಸಾಹಿತ್ಯಕ್ಕಷ್ಟೇ ಸಲ್ಲುತ್ತದೆ ಎಂದು ಅವರು ಭಾವಿಸಲಿಲ್ಲ. ಸಿದ್ದಾಪುರದಲ್ಲೇ ನೆಲೆಸಿರುವ, ಮಾಸ್ತರರಾಗಿದ್ದ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ 2022ರ ಪುರಸ್ಕಾರ ಬಂತು. ಪತ್ರಿಕೆಯಲ್ಲಿ ಸುದ್ದಿ ಓದಿ ಹೆಮ್ಮೆಪಟ್ಟ ಮನೆಗಳಲ್ಲಿ ಎಷ್ಟರಲ್ಲಿ ಆ ಪುಸ್ತಕ ಇದೆಯೋ ಗೊತ್ತಿಲ್ಲ.

ಹಳೆಯ ಕಪಾಟುಗಳನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟಗಳು ಎಷ್ಟೋ ಮನೆಗಳಲ್ಲಿ ಮೂರು ತಲೆಮಾರು ಕಂಡಿವೆ. ರಾಷ್ಟ್ರೋತ್ಥಾನದ 'ಭಾರತ ಭಾರತಿ' ಮಾಲೆಯ 510 ಪುಟ್ಟ ಪುಸ್ತಕಗಳು 1970ರ ದಶಕದಲ್ಲಿ ಹಳ್ಳಿಹಳ್ಳಿಗೆ ತಲುಪಿದವು. ಆದರೆ ಆ ಮಾಲೆ ಒಂದು ಅಭ್ಯಾಸವನ್ನು ಬಿಟ್ಟುಹೋಯಿತು: ಪುಸ್ತಕದೊಳಗೆ ಬರಬೇಕಾದರೆ ಮಹಾಪುರುಷರಾಗಿರಬೇಕು, ಇಲ್ಲವೇ ಮಹಾಮಹಿಳೆ. ಈಗಿನ ಒಳಗೊಳ್ಳುವ ಪುಸ್ತಕಗಳು ಅದೇ ಅಭ್ಯಾಸವನ್ನು ಮುಂದುವರಿಸುತ್ತಿವೆ. ಹಾಲಕ್ಕಿ ಸಮುದಾಯದವರೆಂದರೆ ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ. ಇಬ್ಬರೂ ನಮಿಸಬೇಕಾದವರೇ. ಆದರೆ ಪದ್ಮಶ್ರೀ ಬರದ ಹಾಲಕ್ಕಿ ಅಜ್ಜಿ, ಎಮ್ಮೆಯ ಹಿಂದೆ ಓಡುವ ಗೌಳಿ ಹುಡುಗಿ, ಸುಮ್ಮನೆ ಕಥೆಯಲ್ಲಿದ್ದರೆ ಸಾಲದೆ? ಬ್ರಾಹ್ಮಣ ಹುಡುಗ ಕಥೆಯೊಳಗೆ ಬರಲು ಯಾವ ಪ್ರಶಸ್ತಿಯನ್ನೂ ತರಬೇಕಾಗಿಲ್ಲವಲ್ಲ.

ಆಯ್ಕೆ ನಮ್ಮ ಕೈಯಲ್ಲೆಲ್ಲಿದೆ ಎಂಬ ಗೊಣಗಾಟ ಅರ್ಧ ನಿಜ. ಗ್ರಂಥಾಲಯದ ಸಗಟು ಖರೀದಿಯನ್ನೇ ನೆಚ್ಚಿ ಅಚ್ಚಾಗುವ ಮಕ್ಕಳ ಪುಸ್ತಕಗಳು ಎಂಥವು ಎಂಬುದು ಗೊತ್ತಿರುವುದೇ. ಆದರೆ 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ, ಪುಸ್ತಕ ದಾನ ಮಾಡುವವರಿಗೂ ಅಲ್ಲಿ ಅವಕಾಶವಿದೆ. ಊರಿನ ಎಲ್ಲ ಕೇರಿಯ ಮಕ್ಕಳೂ ಒಂದೇ ಕಪಾಟಿಗೆ ಕೈಹಾಕುವ ಜಾಗ ಅದು. ಅಲ್ಲಿಗೆ ಕೊಟ್ಟ ಪುಸ್ತಕ ಯಾರ ಶಾಲೆಗೂ ಸೇರಿದ್ದಲ್ಲ. ಪುಸ್ತಕವೊಂದನ್ನು ಮನೆಮನೆಗೆ ಮುಟ್ಟಿಸುವ ಶಕ್ತಿ ಈ ಸೀಮೆಗೆ ಇಲ್ಲವೆಂದೂ ಅಲ್ಲ: ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಶಾಲೆಯ ಮಕ್ಕಳಿಂದ ಅಧ್ಯಾಯಗಳನ್ನು ಕಂಠಪಾಠ ಮಾಡಿಸಿ ತೋರಿಸಿದೆ. ಕಂಠಪಾಠ ಒಂದು ಬಗೆ, ಕಥೆಯ ಓದು ಇನ್ನೊಂದು ಬಗೆ; ಸಂಘಟನೆಗೆ ಬೇಕಾದ ಕಸುವು ಒಂದೇ. ಸೋಂದೆಯ ಒಂದು ಸುತ್ತಳತೆಯೊಳಗೆ ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ಮಠ, ಜೈನ ಮಠ ಮೂರೂ ಇವೆ. ಭಿನ್ನ ಮತಗಳು ನೆರೆಹೊರೆಯಾಗಿರುವುದು ಇಲ್ಲಿ ಹೊಸ ಫ್ಯಾಶನ್ ಏನಲ್ಲ.

ಕೊಳ್ಳುವವರು ಮೊದಲು ತಾವು ಓದಬೇಕು, ಪೂರ್ತಿ ಓದಬೇಕು. ಮುಖಪುಟ ನೋಡಿ, ಹಿಂಬದಿಯ ಹೊಗಳಿಕೆ ನೋಡಿ ಕಟ್ಟಿಸಿಕೊಂಡು ಬರುವುದಲ್ಲ. ಮನೆಯಲ್ಲಿ ಅಜ್ಜನೋ ಆಯಿಯೋ ಗಟ್ಟಿಯಾಗಿ ಓದಿ ಹೇಳಬೇಕು. ಅಲ್ಲೇ ಕಷ್ಟ ಶುರುವಾಗುವುದು, ಬಹಳ ಮಂದಿ ಇಂಥ ಪುಸ್ತಕಗಳನ್ನು ಬೇರೆ ಶಾಲೆಗೆ ದಾಟಿಸುವುದಕ್ಕೆ ನಿಜವಾದ ಕಾರಣವೂ ಅಲ್ಲೇ ಇದೆ ಎಂಬುದು ನನ್ನ ಗುಮಾನಿ. ಸಿದ್ದಿ ಹುಡುಗಿಯ ಕಥೆಯನ್ನು ಸಿದ್ದಿ ಮನೆಯಲ್ಲಿ ಓದಿದರೆ ಯಾರಿಗೂ ಮುಜುಗರವಿಲ್ಲ. ಅದನ್ನೇ ನಮ್ಮ ಮನೆಯಲ್ಲಿ ಓದಿದರೆ, ಅರ್ಧ ಪುಟ ಮುಗಿಯುವುದರೊಳಗೆ ಮಗು ತಲೆಯೆತ್ತಿ ಕೇಳುತ್ತದೆ: "ಆಯಿ, ನಮ್ಮನೆಗೆ ಕೆಲ್ಸಕ್ಕೆ ಬಪ್ಪವು ಜಗಲಿ ಮೇಲೆ ಎಂತಕ್ಕೆ ಕೂರ್ತ್ವಿಲ್ಲೆ?" ಆಗ ಪುಸ್ತಕ ಮಡಚಿಟ್ಟು ಊಟಕ್ಕೆ ಕರೆಯಬಹುದು, ಇಲ್ಲವೇ ಕೂತು ಉತ್ತರ ಹೇಳಬಹುದು.