ಕಟ್ಟೆ ತುಂಬಲು ಇನ್ನೆಷ್ಟು ದಿನ?

ಸಾಮಾನ್ಯ ಜ್ಞಾನ ಎಂದೊಡನೆ ಬಹಳಷ್ಟು ಮನೆಗಳಲ್ಲಿ ನೆನಪಾಗುವುದು ದಪ್ಪನೆಯ ಒಂದು ಗೈಡು. ದೇಶಗಳು, ರಾಜಧಾನಿಗಳು, ನಾಣ್ಯಗಳು, ಪ್ರಪಂಚದ ಅತಿ ಎತ್ತರದ್ದು, ಅತಿ ಉದ್ದದ್ದು ಹೀಗೆ ಸಾವಿರಾರು ಪ್ರಶ್ನೆಗಳು, ಒಂದೊಂದು ಪದದ ಉತ್ತರಗಳು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇವು ಬೇಕು, ನಿಜ. ಆದರೆ ಬಾಯಿಪಾಠ ಮಾಡಿದ್ದರಲ್ಲಿ ಬಹುಪಾಲು ಪರೀಕ್ಷೆ ಮುಗಿದ ಕೆಲವೇ ವಾರಗಳಲ್ಲಿ ಮರೆತುಹೋಗುತ್ತದೆ. ಉಳಿಯುವುದು ಯಾವುದು? ದಿನನಿತ್ಯ ಕಣ್ಣಿಗೆ ಬೀಳುವ, ಕೈಗೆ ತಾಕುವ ವಸ್ತುವಿನೊಂದಿಗೆ ಗಂಟುಬಿದ್ದ ವಿಷಯ ಮಾತ್ರ.

ಜುಲೈ ತಿಂಗಳ ಒಂದು ಬೆಳಿಗ್ಗೆ ಮಂಡ್ಯ ಸೀಮೆಯ ಯಾವುದೇ ಹಳ್ಳಿಯ ಜಗಲಿಯ ಮೇಲೆ ನಡೆಯಬಹುದಾದ ಮಾತುಕತೆ ಇದು. ಒಂಬತ್ತನೇ ತರಗತಿಯ ಹುಡುಗ ಗೈಡು ಹಿಡಿದು ಕೂತಿದ್ದಾನೆ. ಕೃಷ್ಣರಾಜಸಾಗರ ಅಣೆಕಟ್ಟು ಯಾವ ನದಿಗೆ ಅಡ್ಡಲಾಗಿದೆ? ಕಾವೇರಿ. ಕಾಮಗಾರಿ ಆರಂಭವಾದ ವರ್ಷ? 1911. ಆಗಿನ ಮುಖ್ಯ ಎಂಜಿನಿಯರ್? ಸರ್ ಎಂ. ವಿಶ್ವೇಶ್ವರಯ್ಯ. ಎಲ್ಲವೂ ಸರಿ. ಪಕ್ಕದಲ್ಲಿ ಪತ್ರಿಕೆ ಓದುತ್ತಿರುವ ತಾತ ಓದಿದ್ದು ನಾಲ್ಕನೇ ತರಗತಿ.

‘ಲೇ ಮಗ, ಕಟ್ಟೆಗೆ ಮೂವತ್ತು ಸಾವ್ರ ಕ್ಯುಸೆಕ್ ಬತ್ತಾ ಅದಂತೆ. ತುಂಬಕ್ಕೆ ಇನ್ನೆಷ್ಟು ದಿವ್ಸ ಬೇಕ್ಲಾ?’

‘ಅದು ನಮ್ ಬುಕ್ಕಲ್ಲಿ ಇಲ್ಲ ತಾತ.’

‘ಬುಕ್ಕಲ್ಲಿ ಇಲ್ದಿದ್ರೇನ್ಲಾ, ಪೇಪರ್‌ನಲ್ಲಿ ಅದಲ್ಲ!’

ತಾತನಿಗೆ ಇದು ರಸಪ್ರಶ್ನೆಯಲ್ಲ. ಕಟ್ಟೆ ತುಂಬುವುದು ಐದು ದಿನಕ್ಕೋ ಹದಿನೈದು ದಿನಕ್ಕೋ ಎಂಬುದನ್ನು ನೋಡಿಯೇ ಭತ್ತದ ಒಟ್ಲು ಹಾಕಬೇಕೇ, ಇನ್ನೂ ಕಾಯಬೇಕೇ ಎಂದು ಮನೆಯಲ್ಲಿ ತೀರ್ಮಾನವಾಗಬೇಕು.

ಪತ್ರಿಕೆಯ ಮೂಲೆಯಲ್ಲಿರುವ ಗಣಿತ

ಮಳೆಗಾಲದಲ್ಲಿ ಜಲಾಶಯಗಳ ನೀರಿನ ಮಟ್ಟ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅಲ್ಲಿ ಬರುವ ‘ಕ್ಯುಸೆಕ್’ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28.3 ಲೀಟರ್. ‘ಟಿಎಂಸಿ’ ಎಂದರೆ ಸಾವಿರ ದಶಲಕ್ಷ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಮೊದಲನೆಯದು ಹರಿವಿನ ಅಳತೆ, ಎರಡನೆಯದು ಸಂಗ್ರಹದ ಅಳತೆ. ಒಂದು ದಿನಕ್ಕೆ 86,400 ಸೆಕೆಂಡುಗಳು. ನೂರು ಕೋಟಿಯನ್ನು ಇದರಿಂದ ಭಾಗಿಸಿದರೆ ಸುಮಾರು 11,574 ಬರುತ್ತದೆ. ಅಂದರೆ ಹನ್ನೊಂದೂವರೆ ಸಾವಿರ ಕ್ಯುಸೆಕ್ ನೀರು ಹಗಲು ರಾತ್ರಿ ಒಂದೇ ಸಮನೆ ಹರಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಟಿಎಂಸಿ. ವರ್ಷಗಟ್ಟಲೆ ಪತ್ರಿಕೆ ಓದಿದ ತಾತನಿಗೆ ಈ ಲೆಕ್ಕ ಬಾಯಲ್ಲೇ ಇದೆ.

ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಅಂದಿನ ಸಂಗ್ರಹ 39.45 ಎಂದಿಟ್ಟುಕೊಂಡರೆ ಇನ್ನು ಬೇಕಾದದ್ದು 10. ಒಳಹರಿವು 30,000 ಕ್ಯುಸೆಕ್, ಹೊರಹರಿವು 7,000. ಉಳಿಯುವ 23,000 ಕ್ಯುಸೆಕ್ ದಿನಕ್ಕೆ ಸುಮಾರು 2 ಟಿಎಂಸಿ ಆಗುತ್ತದೆ. ಮಳೆ ಹೀಗೇ ಇದ್ದರೆ ಐದು ದಿನ!

ಇಲ್ಲಿಗೇ ನಿಲ್ಲದೆ ಹುಡುಗ ಇನ್ನೊಂದು ಪ್ರಶ್ನೆ ಕೇಳಬಹುದು. ಗರಿಷ್ಠ ಮಟ್ಟ 124.80 ಅಡಿ. ನೀರು 100 ಅಡಿ ತಲುಪಿದರೆ ಕಟ್ಟೆ ಮುಕ್ಕಾಲಿಗಿಂತ ಹೆಚ್ಚು ತುಂಬಿದಂತಲ್ಲವೇ? ಅಲ್ಲ. ಆಗ ಅಲ್ಲಿರುವ ನೀರು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಜಲಾಶಯದ ಆಕಾರ ಡಬ್ಬಿಯಂತಿಲ್ಲ, ಬೋಗುಣಿಯಂತಿದೆ. ತಳ ಕಿರಿದು, ಬಾಯಿ ಅಗಲ. ಮೇಲಿನ ಒಂದೊಂದು ಅಡಿಯೂ ಕೆಳಗಿನ ಅಡಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಪಾಠದಲ್ಲಿ ಕಲಿತ ಘನಫಲ ಇಲ್ಲಿ ಜೀವ ತಳೆಯುತ್ತದೆ.

ಮಳೆಯ ಅಳತೆಯೂ ಹೀಗೆಯೇ. 20 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ 20 ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಯ ಮೇಲೆ 2,000 ಲೀಟರ್ ಬಿದ್ದಿರುತ್ತದೆ. ಅದರಲ್ಲಿ ಎಷ್ಟು ಚರಂಡಿಗೆ ಹೋಯಿತು ಎಂದು ಮನೆಮಂದಿಯೆಲ್ಲ ಯೋಚಿಸಬೇಕಾದ್ದೇ.

ಅಡುಗೆಮನೆಯಲ್ಲಿ

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಸೇರಿಸಿರುತ್ತಾರೆ. ಈ ಅನಿಲ ಗಾಳಿಗಿಂತ ಭಾರ. ಸೋರಿದಾಗ ಮೇಲೇರದೆ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ವಾಸನೆ ಬಂದೊಡನೆ ಫ್ಯಾನ್ ಹಾಕಲು ಓಡುವವರಿದ್ದಾರೆ. ಸ್ವಿಚ್ಚಿನ ಒಂದು ಕಿಡಿಯೇ ಅನಾಹುತಕ್ಕೆ ಸಾಕು. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು, ಅಲ್ಲಿಂದ 1906 ಸಂಖ್ಯೆಗೆ ಕರೆ ಮಾಡಬೇಕು. ಇದು ಅಂಕ ತರುವ ಜ್ಞಾನವಲ್ಲ, ಜೀವ ಉಳಿಸುವ ಜ್ಞಾನ.

ಸಿಲಿಂಡರಿನ ಕೊರಳಪಟ್ಟಿಯಲ್ಲಿ ‘ಬಿ-28’ ಎಂಬಂಥ ಗುರುತು ಇರುತ್ತದೆ. ಎ, ಬಿ, ಸಿ, ಡಿ ಅಕ್ಷರಗಳು ವರ್ಷದ ನಾಲ್ಕು ತ್ರೈಮಾಸಿಕಗಳು. ‘ಬಿ-28’ ಎಂದರೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು 2028ರ ಏಪ್ರಿಲ್‌ನಿಂದ ಜೂನ್. ಗಡುವು ಮೀರಿದ ಸಿಲಿಂಡರ್ ಬಂದರೆ ವಾಪಸು ಕಳಿಸಬಹುದು. ಪ್ರತಿ ಸಲವೂ ಇದನ್ನು ನೋಡುವ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಿದರೆ ಹೇಗೆ?

ಜೇಬಿನಲ್ಲಿ, ಬಿಲ್ಲಿನಲ್ಲಿ

ನೋಟಿನ ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ. ಕನ್ನಡ ನಾಲ್ಕನೆಯದು. ಅಸ್ಸಾಮಿ, ಬಂಗಾಳಿ, ಗುಜರಾತಿ, ಕನ್ನಡ ಎಂದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಅವು ಬಂದಿವೆ. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನಲ್ಲಿರುವುದು ನಮ್ಮ ಹಂಪಿಯ ಕಲ್ಲಿನ ರಥ. ಉಳಿದ ನೋಟುಗಳ ಮೇಲಿನ ಚಿತ್ರಗಳು ಯಾವ ಊರಿನವು ಎಂದು ಹುಡುಕಿದರೆ ಭೂಪಟದಲ್ಲೇ ಒಂದು ಪ್ರವಾಸ ಮುಗಿಯುತ್ತದೆ.

ವಿದ್ಯುತ್ ಬಿಲ್ಲಿನ ‘ಯೂನಿಟ್’ ಎಂದರೆ ಒಂದು ಕಿಲೋವಾಟ್ ಗಂಟೆ. 9 ವಾಟ್‌ನ ಎಲ್‌ಇಡಿ ಬಲ್ಬು ಒಂದು ಯೂನಿಟ್‌ನಲ್ಲಿ ಸುಮಾರು 111 ಗಂಟೆ ಉರಿಯುತ್ತದೆ. 2,000 ವಾಟ್‌ನ ಗೀಸರ್ ಅಷ್ಟನ್ನೇ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಬಿಲ್ಲು ಹೆಚ್ಚು ಬಂದಾಗ ಬೈಗುಳ ತಿನ್ನಬೇಕಾದದ್ದು ಓದುವ ಕೋಣೆಯ ದೀಪವಲ್ಲ ಎಂದು ಮಕ್ಕಳು ಧೈರ್ಯವಾಗಿ ವಾದಿಸಬಹುದು!

ಹೆತ್ತವರು ಮಾಡಬೇಕಾದದ್ದು

ಇದಕ್ಕೆ ಖರ್ಚಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಕ್ಕೊಂದು ಪ್ರಶ್ನೆ, ಎಡಪುಟದಲ್ಲಿ. ಉತ್ತರ ಸಿಕ್ಕಾಗ ಬಲಪುಟದಲ್ಲಿ. ಉತ್ತರ ಎಲ್ಲಿಂದ ಸಿಕ್ಕಿತು ಎಂಬುದನ್ನೂ ಅದರ ಕೆಳಗೆ ಬರೆಯಬೇಕು. ಈ ಕೊನೆಯ ಸಾಲು ಇಂದು ಬಹಳ ಮುಖ್ಯ. 2016ರಲ್ಲಿ 2,000 ರೂಪಾಯಿಯ ನೋಟಿನೊಳಗೆ ಚಿಪ್ ಇದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಓದಿಕೊಂಡವರೂ ನಂಬಿದರು. ‘ಕಾಗದದೊಳಗಿನ ಚಿಪ್ಪಿಗೆ ವಿದ್ಯುತ್ ಎಲ್ಲಿಂದ?’ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಮಗು ಪ್ರಶ್ನೆ ಕೇಳಿದಾಗ ‘ಸುಮ್ನೆ ಓದ್ಕೋ ಹೋಗು’ ಎನ್ನುವುದು ಸುಲಭ. ‘ನಂಗೂ ಗೊತ್ತಿಲ್ಲ, ಇಬ್ರೂ ನೋಡೋಣ ಬಾ’ ಎನ್ನಲು ತುಸು ದೊಡ್ಡ ಮನಸ್ಸು ಬೇಕು. ಲೈನ್‌ಮನ್, ಅಂಚೆಯಣ್ಣ, ಕಂಡಕ್ಟರ್, ಬಡಗಿ, ಅಜ್ಜಿ, ತಾತ ಇವರೆಲ್ಲ ಗೈಡಿನಲ್ಲಿಲ್ಲದ ವಿಷಯಗಳನ್ನು ಬಲ್ಲವರು. ಕೇಳಿದರೆ ಸಂತೋಷದಿಂದ ಹೇಳುವವರು.

ಜಗಲಿಯ ಹುಡುಗ ಗೈಡನ್ನು ಎಸೆಯಬೇಕಿಲ್ಲ. ಅದನ್ನು ಮಡಚಿಟ್ಟು ಹತ್ತು ನಿಮಿಷ ತಾತನ ಪತ್ರಿಕೆಯೊಳಗೆ ಇಣುಕಿದರೆ ಸಾಕು. ಐದನೆಯ ದಿನ ಕಟ್ಟೆ ತುಂಬಿತೋ ಇಲ್ಲವೋ ಎಂದು ಅವನೇ ಓಡಿ ಬಂದು ಪತ್ರಿಕೆ ಬಿಡಿಸುತ್ತಾನೆ. ತುಂಬದಿದ್ದರೆ ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುತ್ತಾನೆ. ಆಗ ಕಲಿತದ್ದನ್ನು ಯಾವ ಪರೀಕ್ಷೆಯೂ ಅಳಿಸಲಾರದು.